ಕನ್ನಡದ ಅಭ್ಯರ್ಥಿಗೆ ಯುಪಿಎಸ್‌ಸಿ ಸೇವೆ ಹೇಗಿದೆ?

ಕೇಂದ್ರ ಲೋಕಸೇವಾ ಆಯೋಗವನ್ನು (ಯುಪಿಎಸ್‌ಸಿ) ಹೊಗಳುವುದಕ್ಕೂ ತೆಗಳುವುದಕ್ಕೂ ಮೊದಲು ಅದರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು ಗೊತ್ತಿರಬೇಕು. ದೆಹಲಿಯ ಶಹಜಹಾನ್ ರಸ್ತೆಯ ಧೋಲ್‌ಪುರ್ ಹೌಸ್‌ನಲ್ಲಿರುವ ಈ ಆಯೋಗ ಐಎಎಸ್, ಐಪಿಎಸ್‌ನಂಥ ಸೇವೆಗಳಿಗೆ ಪರೀಕ್ಷೆ ನಡೆಸಿ, ಸಂದರ್ಶನ ಮಾಡಿ, ಹೆಸರುಗಳನ್ನು ಶಿಫಾರಸು ಮಾಡುತ್ತದೆ, ಅಷ್ಟೇ. ನೇಮಕಾತಿ ಆದೇಶ, ಯಾವ ಸೇವೆ, ಯಾವ ಕೇಡರ್ (ಕೆಲಸ ಮಾಡಬೇಕಾದ ರಾಜ್ಯ) ಎಲ್ಲವೂ ಕೇಂದ್ರ ಸರ್ಕಾರದ್ದು. ಕರ್ನಾಟಕ ಕೇಡರ್ ಸಿಗಲಿಲ್ಲವೆಂದು ಆಯೋಗಕ್ಕೆ ಪತ್ರ ಬರೆದರೆ ಪ್ರಯೋಜನವಿಲ್ಲ.

ಕೆಲಸದಲ್ಲಿರುವ ಅಧಿಕಾರಿಗಳ ವಿಷಯದಲ್ಲೂ ಇದೇ ಮಾತು. ಶಿಸ್ತು ಕ್ರಮ, ಬಡ್ತಿ ನಿಯಮಗಳಂಥ ವಿಚಾರಗಳಲ್ಲಿ ಸರ್ಕಾರ ಆಯೋಗವನ್ನು ಕೇಳಬೇಕೆಂದು ಸಂವಿಧಾನದ 320ನೇ ವಿಧಿ ಹೇಳುತ್ತದೆ, ಆದರೆ ಸಲಹೆಯನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಯಾಕೆಂದು ವಾರ್ಷಿಕ ವರದಿಯ ಜೊತೆಗೆ ಸಂಸತ್ತಿಗೆ ವಿವರಣೆ ಕೊಡಬೇಕು. ನಮ್ಮ ಲೆಕ್ಕದಲ್ಲಿ ಹೀಗೆ ವಿವರಣೆ ಕೇಳುವ 323ನೇ ವಿಧಿಯೇ ಆಯೋಗದ ನಿಜವಾದ ಹಲ್ಲು. ಜೊತೆಗೆ ಆಯೋಗದ ಖರ್ಚು ನೇರ ಭಾರತದ ಸಂಚಿತ ನಿಧಿಯಿಂದ (ಕೇಂದ್ರದ ಮುಖ್ಯ ಖಜಾನೆ) ಬರುತ್ತದೆ, ಅಧ್ಯಕ್ಷರು ನಿವೃತ್ತರಾದ ಮೇಲೆ ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ. ಪರೀಕ್ಷೆಯ ಮೇಲೆ ಜನ ಇಟ್ಟಿರುವ ನಂಬಿಕೆಗೆ ಈ ಕಟ್ಟುಪಾಡುಗಳೇ ಬುನಾದಿ.

ಇನ್ನು ಅರ್ಜಿ. 2025ರ ಮೇ ತಿಂಗಳಲ್ಲಿ ಹೊಸ ಪೋರ್ಟಲ್ ಬಂತು. ಹಳೆಯ ಒಟಿಆರ್ (ಒಂದೇ ಸಲದ ನೋಂದಣಿ) ಈಗ ನಡೆಯುವುದಿಲ್ಲ. ಖಾತೆ, ಸಾರ್ವತ್ರಿಕ ನೋಂದಣಿ, ಸಾಮಾನ್ಯ ಅರ್ಜಿ, ಆಯಾ ಪರೀಕ್ಷೆಯ ಅರ್ಜಿ ಎಂದು ನಾಲ್ಕು ಭಾಗ. ಮೊದಲ ಮೂರನ್ನು ಬಿಡುವಿದ್ದಾಗಲೇ ಮುಗಿಸಿಡಬಹುದು, ಇದು ಒಳ್ಳೆಯ ಏರ್ಪಾಡು. ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಊರು, ಅಪ್ಪನ ಹೆಸರು ಪೂರ್ತಿ ಬಿಡಿಸಿರುತ್ತದೆ. ಅರ್ಜಿಗೆ ಅಂಕಪಟ್ಟಿಯ ಹೆಸರೇ ಆಧಾರ. ಆಧಾರ್ ತಿದ್ದುಪಡಿ ಮಾಡಿಸುವುದಿದ್ದರೆ ಅಧಿಸೂಚನೆಗೆ ಮೊದಲೇ ಮಾಡಿಸಿ.

ಎಡವುವ ಎರಡನೆಯ ಜಾಗ ಪ್ರಮಾಣಪತ್ರ. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಜಾತಿಯು ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ನೋಡಿಕೊಂಡು, ಕೇಂದ್ರದ ನಮೂನೆಯಲ್ಲೇ ಪಡೆಯಬೇಕು. ಒಬಿಸಿ ಇರಲಿ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರ ಮೀಸಲಾತಿ) ಇರಲಿ, ಪ್ರಮಾಣಪತ್ರವು ಅಧಿಸೂಚನೆ ಹೇಳುವ ಆರ್ಥಿಕ ವರ್ಷದ ಆದಾಯಕ್ಕೆ ಸಂಬಂಧಿಸಿದ್ದಾಗಿದ್ದು, ಅರ್ಜಿಯ ಕೊನೆಯ ದಿನದೊಳಗಿನ ತಾರೀಖು ಇರಬೇಕು. ಆಮೇಲೆ ತಂದುಕೊಡುತ್ತೇನೆ ಎಂದವರ ವಾದವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಒಪ್ಪಲಿಲ್ಲ. ಶುಲ್ಕ ಬರೀ 100 ರೂಪಾಯಿ. ಮಹಿಳೆಯರು, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ ಅದೂ ಇಲ್ಲ.

ಮೊದಲ ಹಂತದ ಪರೀಕ್ಷೆಯಾದ ಪ್ರಿಲಿಮ್ಸ್‌ನ ಸಿ-ಸ್ಯಾಟ್ (ಗದ್ಯ ಗ್ರಹಿಕೆ, ತರ್ಕ, ಲೆಕ್ಕದ ಪತ್ರಿಕೆ) ಬಗ್ಗೆ ನಮ್ಮ ತಕರಾರಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. 80 ಪ್ರಶ್ನೆ, ತಲಾ 2.5 ಅಂಕ, ತಪ್ಪಿಗೆ ಮೂರನೇ ಒಂದು ಭಾಗ ಕಡಿತ; ತೇರ್ಗಡೆಗೆ ಶೇ 33, ಅಂದರೆ 200ಕ್ಕೆ 66 ಬೇಕು. ಒಂದೂ ತಪ್ಪಿಲ್ಲದೆ 27 ಸರಿಯಾದರೆ 67.5 ಬಂದು ಪಾರು. 30 ಸರಿ, 12 ತಪ್ಪು ಮಾಡಿದವರು 65 ಬಂದು ಅಲ್ಲಿಗೇ ನಿಲ್ಲುತ್ತಾರೆ. ಹೆಚ್ಚು ಉತ್ತರ ಗೊತ್ತಿದ್ದವರೇ ಊಹೆ ಮಾಡಿ ಕೆಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಉದ್ದುದ್ದ ಇಂಗ್ಲಿಷ್ ಗದ್ಯಭಾಗಗಳೇ ಸಮಯ ತಿನ್ನುವುದರಿಂದ, ಲೆಕ್ಕದ ಪ್ರಶ್ನೆಗಳನ್ನು ಮೊದಲು ಮುಗಿಸುವುದು ಮೇಲು. ಹಿಂದಿಗೆ ಸಿಗುವ ಅನುವಾದ ಕನ್ನಡಕ್ಕೆ ಯಾಕಿಲ್ಲ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಇನ್ನೂ ಬಂದಿಲ್ಲ.

ಎರಡನೆಯ ಹಂತವಾದ ಮೇನ್ಸ್‌ನಲ್ಲಿ ಪರಿಸ್ಥಿತಿ ವಾಸಿ. ಪ್ರಬಂಧ, ಸಾಮಾನ್ಯ ಅಧ್ಯಯನ, ಐಚ್ಛಿಕ ವಿಷಯ ಎಲ್ಲವನ್ನೂ ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನೇ ಐಚ್ಛಿಕವಾಗಿ ತೆಗೆದುಕೊಳ್ಳಬಹುದು, ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು. ಅರ್ಜಿಯಲ್ಲಿ ಆರಿಸಿದ ಮಾಧ್ಯಮ ಬಿಟ್ಟು ಬೇರೆ ಭಾಷೆಯಲ್ಲಿ ಬರೆದರೆ ಮಾತ್ರ ಮೌಲ್ಯಮಾಪನವೇ ಆಗುವುದಿಲ್ಲ. ಅರ್ಹತೆಗಷ್ಟೇ ಇರುವ ಕನ್ನಡ ಪತ್ರಿಕೆಯನ್ನೂ ಹಗುರವಾಗಿ ನೋಡಬೇಡಿ: 300ಕ್ಕೆ 75 ಬರದಿದ್ದರೆ ಉಳಿದ ಪತ್ರಿಕೆಗಳ ಅಂಕ ಲೆಕ್ಕಕ್ಕೇ ಬಾರದು.

ಪಾರದರ್ಶಕತೆಯಲ್ಲಿ ಆಯೋಗ ಬಹಳ ಕಾಲ ಹಿಂದೆ ಬಿದ್ದಿತ್ತು. ಪ್ರಿಲಿಮ್ಸ್‌ನ ಕೀ ಉತ್ತರ ಅಂತಿಮ ಫಲಿತಾಂಶ ಬಂದ ಮೇಲಷ್ಟೇ ಸಿಗುತ್ತಿತ್ತು. ಪರೀಕ್ಷೆ ಮುಗಿದ ಬಳಿಕವೇ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಪಡೆಯುವುದಾಗಿ 2025ರಲ್ಲಿ ಸುಪ್ರೀಂ ಕೋರ್ಟ್‌ಗೆ ತಿಳಿಸಿದೆ. ಪ್ರತಿ ಆಕ್ಷೇಪಣೆಗೂ ಮೂರು ಅಧಿಕೃತ ಆಕರ ಕೊಡಬೇಕೆಂದೂ ಹೇಳಿದೆ. ಹಾಗಾಗಿ ಕೋಚಿಂಗ್ ನೋಟ್ಸ್ ನೆಚ್ಚಿಕೊಳ್ಳದೆ, ಎನ್‌ಸಿಇಆರ್‌ಟಿ ಪುಸ್ತಕದ ಪುಟ, ಸಚಿವಾಲಯದ ವರದಿ, ಕಾಯ್ದೆಯ ಕಲಂ ಇಂಥವನ್ನು ಓದುವಾಗಲೇ ಗುರುತು ಹಾಕಿಟ್ಟುಕೊಳ್ಳಿ.