ನಾಲ್ಕಡಿ ಫಿಶ್ ಟ್ಯಾಂಕಿಗೆ ಮರದ ಸ್ಟ್ಯಾಂಡ್: ಕೆಲಸ ಗಟ್ಟಿ, ಡೇಟ್ ಮಾತ್ರ ಕೇಳ್ಬೇಡಿ

ಕಾರವಾರದಲ್ಲಿ ದೊಡ್ಡ ಅಕ್ವೇರಿಯಂ ಇಡ್ಬೇಕು ಅಂದ್ರೆ ಟ್ಯಾಂಕ್ ಮಾಡ್ಕೊಡೋರು ಸಿಗ್ತಾರೆ, ಮೀನು ಸಿಗ್ತದೆ, ಅದನ್ನ ಹೊರೋ ಸ್ಟ್ಯಾಂಡಿಗೇ ಪರದಾಟ. ಅಂಗಡಿಯವರು ತೋರ್ಸೋದೆಲ್ಲ ಕಬ್ಬಿಣದ ಆಂಗಲ್ ವೆಲ್ಡಿಂಗ್ ಮಾಡಿದ್ದು, ಅದು ಹುಬ್ಬಳ್ಳಿ ಧಾರವಾಡ ಕಡೆ ನಡೀತದೇನೋ, ನಮ್ಮ ಕೋಡಿಬಾಗದಲ್ಲಿ ಉಪ್ಪು ಗಾಳಿಗೆ ಕಿಟಕಿ ಸರಳೇ ಪದರ ಪದರವಾಗಿ ಎದ್ದು ಬರ್ತದೆ, ಅದ್ರ ಮೇಲೆ ವಾರಾವಾರ ನೀರು ಬದಲಾಯಿಸುವಾಗ ಚೆಲ್ಲೋದು ಬೇರೆ. ಆನ್‌ಲೈನಲ್ಲಿ ಬರೋ ಕ್ಯಾಬಿನೆಟ್ ನೋಡೋಕೆ ಚೆಂದ, ಒಳಗೆ ಪಾರ್ಟಿಕಲ್ ಬೋರ್ಡು, ಒಂದ್ಸಲ ಅಂಚಿಗೆ ನೀರು ಹಿಡಿದ್ರೆ ಉಬ್ಬಿ ಪುಡಿಪುಡಿ. ಹಾಗಾಗಿ ಮರದ್ದೇ ಮಾಡ್ಸೋದು ಅಂತ ತೀರ್ಮಾನ ಮಾಡಿ ಶಿರವಾಡ ಕಡೆ ಇರೋ ಈ ವರ್ಕ್‌ಶಾಪಿಗೆ ಕೊಟ್ಟಿದ್ದು. ಇವ್ರು ಮಾಮೂಲು ಬಾಗಿಲು, ಕಿಟಕಿ, ಮಂಚದ ಕೆಲಸದವ್ರು, ಅಕ್ವೇರಿಯಂ ಸ್ಟ್ಯಾಂಡ್ ಇವ್ರ ಲೈನ್ ಅಲ್ಲ.

ಆದ್ರೂ ಆಚಾರ್ರು ಮೊದಲು ಕೇಳಿದ್ದು ಡಿಸೈನ್ ಅಲ್ಲ, ಕಲರ್ ಅಲ್ಲ, "ತೂಕ ಎಷ್ಟು ಹೇಳಿ ಸರ್" ಅಂತ. ಅಲ್ಲೇ ನಂಗೆ ಅರ್ಧ ಧೈರ್ಯ ಬಂತು. ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ, 12 ಎಂಎಂ ಗ್ಲಾಸು. ಗ್ಲಾಸಿನ ತೂಕಾನೇ 75 ಕೆಜಿ ಮೇಲೆ, ನೀರು ಕಂಠಮಟ್ಟ ತುಂಬಿಸ್ದಿದ್ರೂ 300 ಲೀಟರ್ ಅಂದ್ರೆ 300 ಕೆಜಿ, ಜಲ್ಲಿ ಕಲ್ಲು ಎಲ್ಲ ಸೇರಿ ಇನ್ನೊಂದು 50-60. ಒಟ್ಟು 430-440 ಕೆಜಿ ಹತ್ರ ಬರ್ತದೆ, ಅದೂ ಆರು ಚದರಡಿ ಜಾಗದ ಮೇಲೆ. ಮತ್ತೆ ಇದು ನೆಂಟ್ರು ಬಂದಾಗ ಕೂತು ಎದ್ದು ಹೋಗೋ ಭಾರ ಅಲ್ಲ ಮಾರಾಯ್ರೆ, ವರ್ಷಗಟ್ಟಲೆ ಹಗಲು ರಾತ್ರಿ ಅಲ್ಲೇ ಕೂತಿರೋ ಭಾರ. ಮರ ಅಂಥಾ ಭಾರಕ್ಕೆ ನಿಧಾನಕ್ಕೆ ಬಗ್ತಾ ಹೋಗ್ತದೆ, ಸ್ಟ್ಯಾಂಡ್ ಬಗ್ಗಿದ್ರೆ ಗ್ಲಾಸ್ ಬಗ್ಗೋದಿಲ್ಲ, ಬಿರಿತದೆ.

ಮರದ ವಿಷ್ಯ ಸ್ವಲ್ಪ ಉದ್ದ ಹೇಳ್ತೆ, ಯಾಕಂದ್ರೆ ಎಲ್ರೂ ಕೇಳೋದು ಅದನ್ನೇ. ನನ್ ತಲೇಲಿ ಇದ್ದದ್ದು ದಾಂಡೇಲಿ ಸಾಗುವಾನಿ. ಆಚಾರ್ರು ಬೇಡ ಅಂದ್ರು, ಸ್ಟ್ಯಾಂಡಿನ ಬಾಗಿಲಿಗೆ ಮಾತ್ರ ಬೇಕಾದ್ರೆ ಹಾಕುವ, ಭಾರ ಹೊರೋಕೆ ಅಷ್ಟು ದುಡ್ಡು ಸುರಿಯೋದು ಎಂತಕ್ಕೆ ಅಂತ. ಅಕೇಶಿಯಾ ಚೀಪು, ನಮ್ಮ ಜಿಲ್ಲೇಲಿ ಎಲ್ಲಿ ನೋಡಿದ್ರೂ ಅದೇ ಪ್ಲಾಂಟೇಶನ್ನು, ಆದ್ರೆ ಸರಿ ಒಣಗದೇ ಇದ್ದದ್ದು ಹಾಕಿದ್ರೆ ತಿರುಚ್ಕೊಳ್ತದೆ, ಸೀಳು ಬಿಡ್ತದೆ. ಕೊನೆಗೆ ತೆಗೆದಿದ್ದು ಶೆಡ್ಡಿನ ಹಿಂದೆ ಇಟ್ಟಿದ್ದ ಹಳೇ ಮನೆ ಕಿತ್ತ ಮತ್ತಿ ತೊಲೆ. ಎಷ್ಟೋ ವರ್ಷ ಹಂಚಿನ ಕೆಳಗೆ ಹೊಗೆ ತಿಂದು ಒಣಗಿದ ಮರ ಅದು, ಇನ್ನು ತಿರುಚೋಕೆ ಅದ್ರಲ್ಲಿ ಎಂತದ್ದೂ ಉಳ್ದಿಲ್ಲ. ಮೊಳೆ ಇದ್ದ ಕಡೆಯೆಲ್ಲ ಮರ ಮಸಿ ಬಳಿದ ಹಾಗೆ ಕಪ್ಪಾಗಿತ್ತು, ಕಬ್ಬಿಣ ತಾಗಿದ್ರೆ ಮತ್ತಿ ಹಾಗೆ ಕಪ್ಪು ಹೊಡಿತದೆ. ಕೊಯ್ಯೋ ಮೊದ್ಲು ಆ ಕಪ್ಪು ಗುರ್ತು ನೋಡ್ಕೊಂಡೇ ಒಂದೊಂದು ಮೊಳೆ ಹುಡುಕಿ ಕಿತ್ತರು, ಇಲ್ಲಾಂದ್ರೆ ಗರಗಸದ ಬ್ಲೇಡ್ ಹೋಯ್ತು ಅಂತ್ಲೇ ಲೆಕ್ಕ. ಕೊಯ್ದ ಮೇಲೆ ಒಳಗಿನ ಬಣ್ಣ ನೋಡ್ಬೇಕಿತ್ತು, ಗಾಢ ಕಂದು, ನಡುವೆ ಕಪ್ಪು ಗೆರೆ. ಪಾಲಿಶ್ ಎಂತಕ್ಕೆ ಅನ್ನಿಸ್ತು.

ಇನ್ನು ಮೇನ್ ವಿಷ್ಯ, ಜೋಡಣೆ. ಸುಮಾರು ಕಡೆ ಸ್ಟ್ಯಾಂಡ್ ಹೇಗೆ ಮಾಡ್ತಾರೆ ಅಂದ್ರೆ ನಾಲ್ಕು ಕಾಲು ನಿಲ್ಸಿ ಅದ್ರ ಪಕ್ಕಕ್ಕೆ ಅಡ್ಡಪಟ್ಟಿ ಇಟ್ಟು ಸ್ಕ್ರೂ ಹೊಡೀತಾರೆ, ಆಗ ಟ್ಯಾಂಕಿನ ಪೂರ್ತಿ ಭಾರ ಆ ಸ್ಕ್ರೂಗಳ ಮೇಲೆ ನೇತಾಡ್ತದೆ. ಇವ್ರು ಹಾಗೆ ಮಾಡ್ಲಿಲ್ಲ. ಕಾಲಿನ ತಲೇಲಿ ಕಚ್ಚು ತೆಗೆದು ಮೇಲಿನ ಚೌಕಟ್ಟು ಆ ಕಚ್ಚಿನ ಮೇಲೆ ಕೂರೋ ಹಾಗೆ ಮಾಡಿದ್ದಾರೆ, ಕಾಲು ಕೆಳಗಿನ ಚೌಕಟ್ಟಿನ ಮೇಲೆ, ಆ ಚೌಕಟ್ಟು ಸೀದಾ ನೆಲದ ಮೇಲೆ. ಭಾರ ಮರದಿಂದ ಮರಕ್ಕೆ ಇಳ್ದು ನೆಲಕ್ಕೆ ಹೋಗ್ತದೆ, ಸ್ಕ್ರೂ ಇರೋದು ಅಲುಗಾಡದಿರ್ಲಿ ಅಂತ ಮಾತ್ರ. ಎಲ್ಲ ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲೇ, ಅದೂ ಮೊದ್ಲೇ ಡ್ರಿಲ್ ಮಾಡಿ ಹಾಕಿದ್ದು. ಮತ್ತಿಗೆ ಹಾಗೇ ಹೊಡೆದ್ರೆ ಸೀಳ್ತದೆ.

ಮುಂದ್ಗಡೆ ನಡುವಿಗೆ ಒಂದು ಕಾಲು ಬೇಕು ಅಂತ ನನ್ ಅಂದಾಜು. ಆದ್ರೆ ಕೆಳಗೆ ಎರಡೂವರೆ ಅಡಿ ಸಂಪ್ ಟ್ಯಾಂಕ್ (ಮೇಲಿನ ಟ್ಯಾಂಕಿನ ನೀರು ಸೋಸೋ ತೊಟ್ಟಿ) ಇಡೋದಿದೆ ಅಂದ ತಕ್ಷಣ ಆಚಾರ್ರು ಆ ಕಾಲು ತೆಗೆದು ಹಾಕಿದ್ರು, ನಾಳೆ ಸಂಪ್ ಒಡೆದ್ರೆ ಹೊರಗೆ ತೆಗೆಯೋದು ಹೇಗೆ ಅಂತ ಕೇಳಿದ್ರು, ಹೌದಲ್ವ. ಅದ್ರ ಬದ್ಲು ಮುಂದಿನ ಅಡ್ಡಪಟ್ಟಿ 4 ಇಂಚು ಎತ್ತರಕ್ಕೆ ಮಾಡಿ ಮಲಗಿಸದೇ ಅಂಚಿನ ಮೇಲೆ ನಿಲ್ಸಿದ್ರು. ಇದ್ರ ಹಿಂದೆ ಲೆಕ್ಕ ಇದೆ: ಪಟ್ಟಿಯ ಎತ್ತರ ಎರಡರಷ್ಟು ಮಾಡಿದ್ರೆ ಅದೇ ಭಾರಕ್ಕೆ ಬಗ್ಗೋದು ಎಂಟರಲ್ಲಿ ಒಂದು ಪಾಲು ಆಗ್ತದೆ, ಅಗಲ ಎರಡರಷ್ಟು ಮಾಡಿದ್ರೆ ಬರೀ ಅರ್ಧ ಆಗ್ತದೆ. ನಾನು ಇದನ್ನ ಇಂಜಿನಿಯರಿಂಗಲ್ಲಿ ಪರೀಕ್ಷೆಗೆ ಬರೆದವ, ಅವ್ರು "ಪಟ್ಟಿ ನಿಲ್ಸಿದ್ರೆ ಹೊರ್ತದೆ, ಮಲಗ್ಸಿದ್ರೆ ಅದೂ ಮಲಗ್ತದೆ" ಅಂದ್ರು, ಮುಗೀತು.

ಹಿಂದ್ಗಡೆ ಅರ್ಧಕ್ಕೆ ಪ್ಲೈವುಡ್ ಹಾಕಿ ಕಾಲಿಗೆ ಬಿಗಿದಿದ್ದಾರೆ, ಅದು ಅಡ್ಡಡ್ಡ ಓಲಾಡದ ಹಾಗೆ ಹಿಡಿಯೋಕೆ. ಉಳಿದರ್ಧ ಪೈಪು ವೈರು ಹೋಗೋಕೆ ಖಾಲಿ. ಮೇಲಿನ ಹಲಗೆ 19 ಎಂಎಂ ಪ್ಲೈ, ಐಎಸ್ 710 ಸೀಲ್ (ನೀರು ತಾಳೋ ಮರೈನ್ ಪ್ಲೈ ಅನ್ನೋ ಗುರ್ತು) ಇರೋದೇ, ಸೀಲ್ ಇರೋ ಮೂಲೆ ಕೊಯ್ದು ಬಿಸಾಡ್ಬೇಡಿ ಅಂತ ಹೇಳಿದ್ದೆ, ಹಾಗೇ ಅಡಿಭಾಗಕ್ಕೆ ಬರೋ ಹಾಗೆ ಇಟ್ಟಿದ್ದಾರೆ, ಈಗ್ಲೂ ಬಗ್ಗಿ ನೋಡಿದ್ರೆ ಕಾಣ್ತದೆ.

ತಗೊಂಡು ಹೋಗೋ ದಿನ ಆಚಾರ್ರು, ಅವ್ರ ಮಗ, ಇಬ್ರು ಹೆಲ್ಪರ್‌ಗಳು ನಾಲ್ಕೂ ಜನ ಅದ್ರ ಮೇಲೆ ಹತ್ತಿ ನಿಂತ್ಕೊಂಡ್ರು. ಅಡ್ಡಪಟ್ಟಿಗೆ ಒಂದು ದಾರ ಎಳ್ದು ಕಟ್ಟಿದ್ರು, ಬಗ್ಗಿದ್ರೆ ದಾರಕ್ಕೂ ಪಟ್ಟಿಗೂ ನಡುವೆ ಗೊತ್ತಾಗ್ಬೇಕು ಅಂತ. ಎಂತದ್ದೂ ಆಗ್ಲಿಲ್ಲ. ಮಗ ಮೇಲೆ ನಿಂತೇ ಒಂದು ರೀಲ್ಸ್ ಮಾಡ್ಕೊಂಡ.

ಈಗ ಬೈಯೋ ಭಾಗ. ಟೈಮ್ ವಿಷ್ಯದಲ್ಲಿ ಇವ್ರನ್ನ ನಂಬೋ ಹಾಗಿಲ್ಲ. ಚೌತಿ ಮುಂಚೆ ಕೊಡ್ತೆ ಅಂದವ್ರು ಚೌತಿ ಹತ್ರ ಬಂದಾಗ ಮಂಟಪದ ಕೆಲಸ ಹಿಡ್ಕೊಂಡು ಫೋನೇ ಎತ್ತಲಿಲ್ಲ, ದಸರಾ ಹೊತ್ತಿಗೆ ಕೈಗೆ ಬಂತು, ಅಷ್ಟೂ ದಿನ ಖಾಲಿ ಟ್ಯಾಂಕ್ ಹಾಲಿನ ನಡುವೆ, ಮನೆಯವ್ಳ ಹತ್ರ ದಿನಾ ಮಂಗಳಾರತಿ. ಎರಡನೇದು, ಮೇಲೆ ಪಾಲಿಶ್ ಚೊಕ್ಕ ಮಾಡಿ ಒಳಗಿನ ಪ್ಲೈ ಅಂಚನ್ನ ಹಾಗೇ ಬಿಟ್ಟಿದ್ರು. ಅಂಚಿಂದ್ಲೇ ನೀರು ಒಳಗೆ ಹೋಗೋದು, ಮತ್ತೆ ನಮ್ದು ಆಸ್ಕರ್ ಮೀನು, ಊಟ ಹಾಕುವಾಗ ಬಾಲ ಬಡಿದು ನೀರು ಎರಚ್ತದೆ, ಸಂಪ್ ಇರೋ ಕಡೆ ಯಾವಾಗ್ಲೂ ತೇವ. ಹೇಳಿದ ಮೇಲೆ ಮನೆಗೇ ಬಂದು ಎರಡು ಕೋಟ್ ಹೊಡೆದು ಕೊಟ್ರು, ದುಡ್ಡು ಕೇಳಲಿಲ್ಲ, ಆದ್ರೆ ನಾವೇ ಹೇಳ್ಬೇಕಾಯ್ತಲ್ಲ. ಬಾಗಿಲಿಗೆ ಗ್ಯಾಪ್ ಕಮ್ಮಿ ಬಿಟ್ಟಿದ್ದಾರೆ, ಜುಲೈ ಮಳೆಗೆ ಎಡಗಡೆ ಬಾಗಿಲು ಉಬ್ಬಿ ಕಚ್ಕೊಳ್ತು, ಕರಾವಳಿಯ ಆಚಾರ್ರಿಗೆ ಇದು ಗೊತ್ತಿಲ್ದೇ ಇರೋ ವಿಷ್ಯ ಅಲ್ಲ.

ಇಡೋದು ಅವ್ರದ್ದೇ ಕೆಲಸ, ರೇಟಲ್ಲೇ ಸೇರಿತ್ತು. ನಮ್ದು ಗ್ರೌಂಡ್ ಫ್ಲೋರು, ಟೈಲ್ಸ್ ನೆಲ, ನೋಡೋಕೆ ಸಪಾಟು ಅನ್ಸಿದ್ರೂ ರಸಮಟ್ಟ ಇಟ್ಟಾಗ ಬಾಲ್ಕನಿ ಕಡೆ ಇಳಿಜಾರು. ಕೆಳಚೌಕಟ್ಟಿನ ಅಡಿಗೆ ತೆಳು ಮರದ ಚಕ್ಕೆ ಕೊಟ್ಟು ಮಟ್ಟ ಮಾಡಿದ್ರು, ಉದ್ದಕ್ಕೆ, ಅಗಲಕ್ಕೆ, ಮತ್ತೆ ಮೂಲೆಯಿಂದ ಮೂಲೆಗೆ. ಮೇಲೆ ಬಿಳಿ ಫೋಮ್ ಶೀಟ್ ಹಾಸಿ ಟ್ಯಾಂಕ್ ಕೂರ್ಸಿದ್ದು, ಹಲಗೆ ಮೇಲೆ ಒಂದು ಮರಳು ಕಾಳು ಇದ್ರೂ ಗ್ಲಾಸಿಗೆ ಅಲ್ಲೇ ಒತ್ತಡ, ಫೋಮ್ ಅದನ್ನ ನುಂಗ್ತದೆ. ನೀರು ಕಾಲು ಭಾಗ ತುಂಬಿಸಿ ನಿಲ್ಸಿ, ಮತ್ತೆ ಮಟ್ಟ ನೋಡಿ, ಆಮೇಲೆ ಉಳಿದದ್ದು ತುಂಬ್ಸಿ. ನೀರಿನ ಅಂಚಿಂದ ಟ್ಯಾಂಕಿನ ಮೇಲ್ತುದಿಗೆ ಎರಡೂ ಕಡೆ ಸ್ಕೇಲ್ ಇಟ್ಟು ಅಳೆದ್ರೆ ಓರೆ ಇದ್ದದ್ದು ತಾನೇ ಹೇಳ್ತದೆ. ಹೊಸ ಪಾಲಿಶ್ ವಾಸನೆ ಪೂರ್ತಿ ಹೋಗೋ ತನಕ ಮೀನು ಬಿಡ್ಬೇಡಿ, ಏರ್ ಪಂಪ್ ಕೋಣೆಯ ಗಾಳೀನೇ ಎಳ್ದು ನೀರಿಗೆ ಬಿಡೋದು.

ರೇಟು: ಮರ, ಪ್ಲೈ, ಪಾಲಿಶ್, ಸಾಗಾಟ ಎಲ್ಲ ಸೇರಿ 26 ಸಾವಿರ ಆಯ್ತು. ಕಬ್ಬಿಣದ್ದು ಇದ್ರ ಅರ್ಧಕ್ಕೆ ಸಿಗ್ತಿತ್ತು ಅಂತ ಅಣ್ಣ ಈಗ್ಲೂ ಹೇಳ್ತಾ ಇರ್ತಾನೆ, ಅವ್ನ ಮನೆ ಗೇಟ್ ನೋಡಿ ಅಂತ ನಾನು ಹೇಳ್ತೆ. ಒಂದು ಪೂರ್ತಿ ಮಳೆಗಾಲ ಆಯ್ತು, ಅಡ್ಡಪಟ್ಟಿ ಕೆಳಗೆ ದಾರ ಹಿಡಿದು ನೋಡಿದ್ರೆ ಈಗ್ಲೂ ನೇರ, ಒರಲೆ ಸುಳಿವಿಲ್ಲ. 5ಕ್ಕೆ 4 ಸ್ಟಾರ್, ಒಂದು ಕಟ್ ಆಗಿದ್ದು ಡೇಟಿಗೆ. ಮಾಡ್ಸೋರು ಟ್ಯಾಂಕ್ ಅಳತೆ, ಗ್ಲಾಸ್ ದಪ್ಪ, ಸಂಪ್ ಅಳತೆ ಮೂರೂ ಚೀಟೀಲಿ ಬರ್ಕೊಂಡೇ ಹೋಗಿ, ಒಳಗಿನ ಅಂಚಿಗೂ ಪಾಲಿಶ್ ಬೇಕು ಅಂತ ಮೊದ್ಲೇ ಹೇಳಿ, ಬಾಗಿಲಿಗೆ 3 ಎಂಎಂ ಗ್ಯಾಪ್ ಕೇಳಿ, ಚೌತಿ ಹತ್ರ ಇದ್ರೆ ಆರ್ಡರ್ ಕೊಡೋಕೇ ಹೋಗ್ಬೇಡಿ.