ಗೋ ಟೆಲಿಮೆಟ್ರಿ: ಆನ್, ಲೋಕಲ್, ಆಫ್, ಯಾರಿಗೆ ಯಾವುದು?

ಕಲಬುರಗಿಯಲ್ಲಿ ಕಾಲೇಜು ಲ್ಯಾಬ್ ನೋಡಿಕೊಳ್ಳುವ ಗೆಳೆಯರೊಬ್ಬರ ಪ್ರಶ್ನೆ: "ಗೋ ಹಾಕೀವ್ರೀ, ಟೆಲಿಮೆಟ್ರಿ ಇರ್ಲೋ, ತೆಗೀಲೋ?"

ಗೋ ಒಂದು ಪ್ರೋಗ್ರಾಮಿಂಗ್ ಭಾಷೆ; ಟೆಲಿಮೆಟ್ರಿ ಎಂದರೆ ಅದರ ಟೂಲ್‌ಗಳ ಬಳಕೆಯ ಲೆಕ್ಕ ಇಡುವ ಏರ್ಪಾಡು. 2024ರ ಆಗಸ್ಟ್‌ನಲ್ಲಿ ಬಂದ ಗೋ 1.23ರಿಂದ ಇದಕ್ಕೆ ಮೂರು ದಾರಿ. ಮೊದಲಿಂದಲೇ ಇರುವುದು ಲೋಕಲ್: ಲೆಕ್ಕವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಆನ್ ಮಾಡಿದರೆ ವಾರಕ್ಕೊಮ್ಮೆ ಒಂದಿಷ್ಟು ಗೋ ತಂಡಕ್ಕೆ ಹೋಗುತ್ತದೆ.

ಖಾಸಗಿತನದ ಮಾತು ಬಂದರೆ, ಆನ್ ಇದ್ದರೂ ನಿಮ್ಮ ಕೋಡ್ ಹೋಗುವುದಿಲ್ಲ. ಹೋಗುವುದು ಮುಖ್ಯವಾಗಿ ಗೋ ಟೂಲ್‌ಗಳನ್ನು ಎಷ್ಟು ಸಲ ಬಳಸಿದಿರಿ, ಅವು ಎಲ್ಲಿ ಕ್ರ್ಯಾಶ್ ಆದವು ಎಂಬಂಥ ಲೆಕ್ಕ. ಸ್ವಂತ ಲ್ಯಾಪ್‌ಟಾಪಿನವರು ಧಾರಾಳವಾಗಿ ಆನ್ ಇಡಬಹುದು. ಗಿರಾಕಿಯ ಕರಾರು ಅಡ್ಡ ಬಂದರೆ ಲೋಕಲ್ ಸಾಕು. ಡಿಸ್ಕಿನಲ್ಲೂ ಬೇಡ ಎನ್ನುವವರಿಗೆ ಆಫ್.

ಶ್ರಮ? ಟರ್ಮಿನಲ್‌ನಲ್ಲಿ 'go telemetry off' ಎಂಬ ಒಂದೇ ಸಾಲು. ಲ್ಯಾಬಿನವರಿಗೆ ಮಾತ್ರ ತಲೆನೋವು: ಪ್ರತಿ ಬಳಕೆದಾರರ ಲಾಗಿನ್‌ನಲ್ಲೂ ಬೇರೆಬೇರೆಯಾಗಿ ಕೊಡಬೇಕು.