ಟೈಮರ್, ಬಾಟ್ಲಿ, ಕುಡಿಕೆ: ಬೇಸಿಗೆಯಲ್ಲಿ ಟೆರೇಸ್ ಗಿಡಗಳಿಗೆ ಯಾವುದು ಆಗಿಬಂತು

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಕುಡಿಕೆ. ರಸ್ತೆ ಬದಿಯಲ್ಲಿ 60 ರೂಪಾಯಿಗೆ ತಂದ ಮಣ್ಣಿನ ಕುಡಿಕೆ. ಅದಕ್ಕೆ ಮುಂಚೆ ಡ್ರಿಪ್ ಕಿಟ್ಟು, ಟೈಮರು ಅಂತ ಸುಮಾರು 4,000 ರೂಪಾಯಿ ಕಳೆದುಕೊಂಡಿದ್ದೇನೆ. ಆ ಹೊಟ್ಟೆಯುರಿಗೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನಲ್ಲಿ ಎರಡು ಮಹಡಿಯ ಮನೆ. ಟೆರೇಸಿನ ಮೇಲೆ 22 ಕುಂಡ. ದುಂಡು ಮಲ್ಲಿಗೆ, ಟೊಮೆಟೊ, ಮೆಣಸಿನಕಾಯಿ, ಪುದೀನ ಇತ್ಯಾದಿ. ಒಂದು ನೀಲಿ ಡ್ರಮ್ಮನ್ನು ಎರಡು ಹೋಳು ಮಾಡಿಸಿ ಒಂದರಲ್ಲಿ ಬದನೆ, ಇನ್ನೊಂದರಲ್ಲಿ ಬಸಳೆ ಹಾಕಿದ್ದೇವೆ. ಮಾರ್ಚ್ ಬಂತೆಂದರೆ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಪೈಪ್ ಹಿಡಿದು ನಿಲ್ಲಬೇಕು. 2024ರ ಮಾರ್ಚ್ ನೆನಪಿದೆಯಲ್ವಾ? ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಟೆರೇಸ್ ಟ್ಯಾಂಕಿನಲ್ಲಿ ಇರೋದು ಬೋರ್‌ವೆಲ್ ನೀರೇ. ಆದರೂ ಅಕ್ಕಪಕ್ಕದವರು ಟ್ಯಾಂಕರ್‌ಗೆ ಕಾಯುತ್ತಿರುವಾಗ ಮೇಲೆ ನಿಂತು ಪೈಪ್ ಬಿಡೋದಕ್ಕೆ ಮುಜುಗರ. ಹನಿ ಹನಿಯಾಗಿ ಕೊಟ್ಟರೆ ನೀರೂ ಉಳಿಯುತ್ತೆ, ಯುಗಾದಿಗೆ ಊರಿಗೂ ಹೋಗಿ ಬರಬಹುದು ಅಂತ ಆನ್‌ಲೈನಲ್ಲಿ ಡ್ರಿಪ್ ಕಿಟ್ಟು, ಜೊತೆಗೊಂದು ಟೈಮರು ತರಿಸಿದೆ.

ಟೈಮರ್ ಬಂದ ದಿನ ಕೆಳಗಡೆ ಗೇಟಿನ ಹತ್ತಿರದ ನಲ್ಲಿಗೆ ಸಿಕ್ಕಿಸಿ ನೋಡಿದೆ. ಕಟ್ ಅಂತ ಸದ್ದು, ನೀರು ಬಂತು. ಎರಡು ನಿಮಿಷ ಆದಮೇಲೆ ಮತ್ತೆ ಕಟ್, ನೀರು ನಿಂತಿತು. ಭಾರೀ ಖುಷಿ. ಅದನ್ನೇ ಮೇಲೆ ತಗೊಂಡು ಹೋಗಿ ಟ್ಯಾಂಕಿನ ನಲ್ಲಿಗೆ ಹಾಕಿ, ಪೈಪು ಎಳೆದು, ಒಂದೊಂದು ಕುಂಡಕ್ಕೂ ಡ್ರಿಪ್ಪರ್ ಚುಚ್ಚಿ, ಬೆಳಿಗ್ಗೆ 6 ಗಂಟೆಗೆ 20 ನಿಮಿಷ ಅಂತ ಒತ್ತಿ, ಆರು ದಿನಕ್ಕೆ ಊರಿಗೆ ಹೊರಟೆವು. ಮೇಲೆ ಒಮ್ಮೆ ಓಡಿಸಿ ನೋಡಲಿಲ್ಲ. ಕೆಳಗೆ ಕೆಲಸ ಮಾಡಿದ್ದು ಮೇಲೆ ಯಾಕೆ ಮಾಡಲ್ಲ ಅನ್ನೋ ಧೈರ್ಯ.

ವಾಪಸ್ ಬಂದು ಚಪ್ಪಲಿ ಕೂಡ ಬಿಡದೆ ಮೇಲೆ ಓಡಿದೆ. ಬದನೆ ಎಲೆ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಮೊಗ್ಗು ತುಂಬಿಕೊಂಡಿದ್ದ ಮಲ್ಲಿಗೆಯ ಮೊಗ್ಗುಗಳೆಲ್ಲ ಕಂದುಬಣ್ಣಕ್ಕೆ ತಿರುಗಿ ಗಿಡದಲ್ಲೇ ಜೋತಾಡುತ್ತಿದ್ದವು. ಟೈಮರ್ ಮಾತ್ರ ಗಟ್ಟಿಮುಟ್ಟಾಗಿತ್ತು. ಮಾರನೇ ದಿನ 6 ಗಂಟೆಗೆ ಎದುರಿಗೇ ನಿಂತು ನೋಡಿದೆ. ಕಟ್ ಅಂತು. ಪರದೆಯಲ್ಲಿ ನೀರಿನ ಹನಿಯ ಚಿತ್ರ ಮಿನುಗಿತು. ಪೈಪಿನಲ್ಲಿ ಒಂದು ತೊಟ್ಟೂ ಇಲ್ಲ.

ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಇಂಥ ಟೈಮರ್‌ನ ಒಳಗೆ ನೀರಿನ ದಾರಿ ಮುಚ್ಚಿಕೊಂಡು ಒಂದು ರಬ್ಬರ್ ಪರದೆ ಇರುತ್ತೆ. ಟೈಮರ್ ಅದನ್ನು ತಾನೇ ಎತ್ತೋದಿಲ್ಲ. ಒಂದು ಸಣ್ಣ ದಾರಿ ಬಿಡುತ್ತೆ ಅಷ್ಟೆ, ಪರದೆ ಎತ್ತಬೇಕಾದ್ದು ನೀರಿನ ಒತ್ತಡ. 10 ಮೀಟರ್ ಎತ್ತರದಿಂದ ನೀರು ಇಳಿದರೆ ಸುಮಾರು 1 ಬಾರ್ ಒತ್ತಡ ಬರುತ್ತೆ. ಗೇಟಿನ ನಲ್ಲಿ ಟ್ಯಾಂಕಿಗಿಂತ ಎರಡು ಮಹಡಿ ಕೆಳಗಿದೆ, ಅಲ್ಲಿ ಒತ್ತಡ ಸಾಕಷ್ಟಿದೆ. ಮೇಲೆ ಟ್ಯಾಂಕಿಗೂ ಕುಂಡಕ್ಕೂ ನಡುವೆ ಇರೋದು ಐದಾರು ಅಡಿ. ಅಂದರೆ ಒತ್ತಡ 0.2 ಬಾರ್ ಕೂಡ ಇಲ್ಲ. ನನ್ನ ಟೈಮರ್‌ಗೆ ಕನಿಷ್ಠ 0.5 ಬೇಕಂತೆ. ಎಲ್ಲಿ ಬರೆದಿತ್ತು ಗೊತ್ತಾ? ಡಬ್ಬಿಯೊಳಗಿನ ಕಾಗದದ ಹಿಂಬದಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಮೋಟಾರಿನಿಂದ ತಿರುಗುವ ಬಾಲ್ ವಾಲ್ವ್ ಟೈಮರ್ ಬೇರೆಯೇ ಇದೆ, ಅದಕ್ಕೆ ಒತ್ತಡ ಬೇಕಿಲ್ಲ. ಟೆರೇಸ್ ಟ್ಯಾಂಕಿನ ನೀರು ಟೆರೇಸಿಗೇ ಬಿಡೋರು ಕೊಳ್ಳಬೇಕಾದ್ದು ಅದು. ನಾನು ಮಾರಿದವರಿಗೆ ಬರೆದರೆ, ವಾಪಸ್ ತಗೊಳ್ಳೋ ದಿನ ಮುಗಿದಿದೆ ಅಂದರು.

ಟೈಮರ್ ಬಿಟ್ಟು ನಲ್ಲಿಯನ್ನು ಕೈಯಲ್ಲೇ ತಿರುಗಿಸಿ ಡ್ರಿಪ್ ಬಿಟ್ಟೂ ನೋಡಿದೆ. ಟ್ಯಾಂಕಿನ ಹತ್ತಿರದ ಕುಂಡ ಕೆಸರು, ಕೊನೆಯ ಕುಂಡ ಒಣ. ಮೂರು ವಾರಕ್ಕೆ ಬೋರ್‌ವೆಲ್ ನೀರಿನ ಸುಣ್ಣ ಡ್ರಿಪ್ಪರ್ ಬಾಯಲ್ಲಿ ಬೆಳ್ಳಗೆ ಕಟ್ಟಿಕೊಂಡಿತು. ವಿನೆಗರ್‌ನಲ್ಲಿ ನೆನೆಸಿಟ್ಟರೆ ಬಿಡುತ್ತೆ, ನಿಜ. ಭಾನುವಾರ ಕೂತು 22 ಡ್ರಿಪ್ಪರ್ ತೊಳೆಯೋ ತಾಳ್ಮೆ ನನಗಿಲ್ಲ.

ಬಾಟ್ಲಿ ಕಥೆ ಚಿಕ್ಕದು. ಮುಚ್ಚಳಕ್ಕೆ ತೂತು ಮಾಡಿ ತಲೆಕೆಳಗಾಗಿ ಮಣ್ಣಿಗೆ ಚುಚ್ಚೋದು. ತೂತು ಸ್ವಲ್ಪ ದೊಡ್ಡದಾದರೆ ಅರ್ಧ ಗಂಟೆಯಲ್ಲಿ ಖಾಲಿ, ಚಿಕ್ಕದಾದರೆ ಮಣ್ಣು ಕಟ್ಟಿ ಬಂದ್. ನಮ್ಮತ್ತೆ ನೋಡಿ, "ಏನಮ್ಮಾ, ಗಿಡಕ್ಕೆಲ್ಲ ಗ್ಲೂಕೋಸ್ ಹಾಕ್ಬಿಟ್ಟಿದೀಯ!" ಅಂದರು. ದೀಪದ ಬತ್ತಿ ತೂರಿಸಿದರೆ ಸ್ವಲ್ಪ ನಿಧಾನ ಆಗುತ್ತೆ. ಎರಡು ದಿನದ ಮಟ್ಟಿಗೆ, ನಾಲ್ಕೈದು ಕುಂಡಕ್ಕೆ ಪರವಾಗಿಲ್ಲ. ಖರ್ಚಂತೂ ಇಲ್ಲವೇ ಇಲ್ಲ.

ಇನ್ನು ಕುಡಿಕೆ. ಊರಿಂದ ಬಂದ ದಿನ ಬದನೆ ಒಣಗಿ ಪುಡಿಯಾಗಿದ್ದರೆ, ಅದೇ ಡ್ರಮ್ಮಿನ ಇನ್ನೊಂದು ಹೋಳಿನಲ್ಲಿ ಬಸಳೆ ಬದುಕಿತ್ತು. ಅಂಚಿನ ಎಲೆ ಬಾಡಿದ್ದವು, ಬಳ್ಳಿ ಹಸಿರಾಗಿತ್ತು. ಮಣ್ಣು ಅಷ್ಟೇ, ಬಿಸಿಲು ಅಷ್ಟೇ. ಕೆದಕಿದರೆ ನಡುವೆ ಒಂದು ಕುಡಿಕೆ. ಅತ್ತೆ ಹೊರಡೋ ಹಿಂದಿನ ದಿನ, ಕಂಠ ಒಡೆದ ಹಳೇ ಕುಡಿಕೆಯೊಂದನ್ನು ಸುಮ್ನೆ ಹೂತು ನೀರು ತುಂಬಿಸಿದ್ದರಂತೆ. ಅವರ ತವರಲ್ಲಿ ಹೊಸದಾಗಿ ನೆಟ್ಟ ತೆಂಗಿನ ಸಸಿ ಪಕ್ಕ ಹೀಗೇ ಮಡಿಕೆ ಹೂಳುತ್ತಿದ್ದರಂತೆ. ಈ ಮಾತನ್ನು ಕಿಟ್ಟು ತರಿಸೋ ಮೊದಲು ಹೇಳಬಾರದಿತ್ತಾ ಅಂದರೆ, "ನೀನು ಕೇಳಿದ್ಯಾ?" ಅಂದರು.

ಮಾರನೇ ವಾರವೇ ಎಂಟು ಕುಡಿಕೆ ತಂದೆ. ಒಂದೂವರೆ ಲೀಟರ್ ಹಿಡಿಯುವಂಥವು. ಬಾಯಿ ಮಾತ್ರ ಒಂದಿಂಚು ಮೇಲೆ ಕಾಣುವ ಹಾಗೆ ಹೂಳಬೇಕು. ಸುತ್ತಲಿನ ಮಣ್ಣು ಒಣಗಿದಂತೆ ಕುಡಿಕೆಯ ಮೈಯಿಂದ ನೀರು ಎಳೆದುಕೊಳ್ಳುತ್ತೆ, ಒದ್ದೆಯಾಗಿದ್ದರೆ ಎಳೆಯೋದು ತಾನಾಗೇ ಕಡಿಮೆಯಾಗುತ್ತೆ. ಟೈಮರ್‌ಗೆ ಇಲ್ಲದ ಬುದ್ಧಿ! ಒಂದು ತಿಂಗಳ ಮೇಲೆ ಒಂದನ್ನು ಹೊರತೆಗೆದೆ. ಟೊಮೆಟೊದ ಬಿಳಿ ಬೇರುಗಳು ಕುಡಿಕೆಯ ಮೈಗೆ ಜೇಡರ ಬಲೆಯಂತೆ ಸುತ್ತಿಕೊಂಡಿದ್ದವು. ಬಿಡಿಸೋಕೆ ಮನಸ್ಸಾಗದೆ ಹಾಗೇ ವಾಪಸ್ ಇಟ್ಟೆ. ಏಪ್ರಿಲ್ ಬಿಸಿಲಲ್ಲಿ ಎರಡು ದಿನಕ್ಕೊಮ್ಮೆ ತುಂಬಿಸಿದರೆ ಸಾಕು. ಒಂದು ಬಕೆಟ್ ನೀರು, ಹತ್ತು ನಿಮಿಷ.

ಇದರಲ್ಲೂ ತಾಪತ್ರಯ ಇದೆ. ಬಣ್ಣ, ಪಾಲಿಶ್ ಹಚ್ಚಿದ ಕುಡಿಕೆ ಜಿನುಗೋದಿಲ್ಲ. ನೀರು ತುಂಬಿ ಒಂದು ರಾತ್ರಿ ಇಟ್ಟು, ಹೊರಮೈ ತೇವ ಆಗಿದೆಯಾ ನೋಡಿ ಆಮೇಲೆ ಹೂಳಿ. ಬಾಯಿಗೆ ತೆಂಗಿನ ಕರಟ ಮುಚ್ಚಲೇಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದ ಹಾಗೆ. ಅಕ್ಕಿ ತೊಳೆದ ನೀರು ಹಾಕಬೇಡಿ. ನಾನು ಹಾಕಿದೆ, ಮೂರನೇ ದಿನ ಟೆರೇಸಿಗೆ ಹೋಗೋಕಾಗದಷ್ಟು ನಾತ. ಅದನ್ನು ನೇರ ಮಣ್ಣಿಗೆ ಸುರಿಯಿರಿ. ಗಡಸು ನೀರಿನ ಸುಣ್ಣ ಇದಕ್ಕೂ ಹಿಡಿಯುತ್ತೆ, ಆದರೆ ವರ್ಷಕ್ಕೊಮ್ಮೆ ತೆಂಗಿನ ನಾರಿನಿಂದ ಉಜ್ಜಿ ಒಣಗಿಸಿದರೆ ನಡೆಯುತ್ತೆ.

ಇನ್ನೊಂದು ವಿಷಯ. ಕುಡಿಕೆ ತುಂಬಿದ್ದರೂ ಮಧ್ಯಾಹ್ನ 2 ಗಂಟೆಗೆ ಎಲೆ ಜೋತುಬೀಳುತ್ತೆ. ಮೊದಮೊದಲು ಗಾಬರಿಯಾಗಿ ಮತ್ತೆ ನೀರು ಸುರಿದು ಒಂದು ಮೆಣಸಿನ ಗಿಡದ ಬೇರು ಕೊಳೆಸಿದೆ. ಸಂಜೆ 6ಕ್ಕೆ ನೋಡಿ. ಎದ್ದು ನಿಂತಿದ್ದರೆ ಅದು ಬಿಸಿಲಿನ ಆಟ, ನೀರಿನ ಕೊರತೆಯಲ್ಲ.

ಆರೇಳು ದಿನ ಊರಿಗೆ ಹೋಗೋರಿಗೆ, ಐವತ್ತು ಅರವತ್ತು ಕುಂಡ ಇರೋರಿಗೆ ಕುಡಿಕೆ ಸಾಲದು. ಅಂಥವರು ಬಾಲ್ ವಾಲ್ವ್ ಟೈಮರ್ ಹಾಕಿಸಿ, ಹೊರಡೋ ಮೊದಲು ಎರಡು ದಿನ ಮೇಲೆಯೇ ಓಡಿಸಿ ನೋಡಿ. ನಾನು ಈಗ ಹೋಗೋದು ಹೆಚ್ಚೆಂದರೆ ಮೂರು ದಿನ, ಖರ್ಚು ಮಾಡೋಕೆ ಇನ್ನು ದುಡ್ಡಿಲ್ಲ, ಬೆಳಿಗ್ಗೆ ಕಾಫಿ ಹಿಡಿದು ಮೇಲೆ ಹೋಗೋದು ಹೇಗೂ ಅಭ್ಯಾಸ. ನನಗೆ ಕುಡಿಕೆಯೇ ಸರಿ. ಪುದೀನ, ಕೊತ್ತಂಬರಿಯ ಸಣ್ಣ ಕುಂಡಗಳಲ್ಲಿ ಕುಡಿಕೆಗೆ ಜಾಗ ಇಲ್ಲ, ಅವಕ್ಕೆ ಈಗಲೂ ಚೊಂಬಿನ ನೀರು. ಟೈಮರಿನ ಎರಡು ಸೆಲ್ ಟಿವಿ ರಿಮೋಟಿಗೆ ಹೋದವು.